ಅಪಸ್ವರದ ಅಭ್ಯಾಸ

“ಇನ್ನೂ ಚೆನ್ನಾಗೇ ಬರ್ತಿದೆಯಲ್ಲ ಮೇಷ್ಟ್ರೇ! ಸ್ವಲ್ಪ ಕೆಡಿಸಿ ಅಂದ್ರೆ ಕೇಳಲ್ಲ ನೀವು,” ಎಂದು ರೆಕಾರ್ಡಿಂಗ್‌ನವನು ಗಾಜಿನಾಚೆಯಿಂದ ಕೈಮುಗಿದ.

ಪಿಟೀಲು ಮೇಷ್ಟ್ರು ಕಮಾನು ಇಳಿಸಿದರು. ಟಿವಿ ಧಾರಾವಾಹಿಯಲ್ಲಿ ಮನೆಯಳಿಯ ಪಿಟೀಲು ಕಲಿಯುತ್ತಾನೆ, ಅತ್ತೆ ಕಿವಿ ಮುಚ್ಚಿಕೊಂಡು ಓಡುತ್ತಾಳೆ. ಅಳಿಯನ ಆ ಕರ್ಕಶವನ್ನು ಇವರು ನುಡಿಸಿಕೊಡಬೇಕು. ಹಲ್ಲುಪುಡಿ, ಬನಿಯನ್ನು, ಇಲಿಪಾಷಾಣ ಎಲ್ಲದರ ಜಾಹೀರಾತಿಗೂ ನುಡಿಸಿದ ಕೈ ಅದು. ನಾಚಿಕೆಯೇನೂ ಆಗಿರಲಿಲ್ಲ, ಇಲಿಪಾಷಾಣವಾದರೂ ಸ್ವರ ಸ್ವರದ ಜಾಗದಲ್ಲೇ ಇತ್ತು. ಈಗ ಬೆರಳನ್ನು ಕೂದಲೆಳೆಯಷ್ಟು ಸರಿಸಿದರೆ, ಸಂಜೆ ಹಸು ಕೊಟ್ಟಿಗೆಗೆ ಬಂದ ಹಾಗೆ ತಾನಾಗಿ ವಾಪಸು ಬರುತ್ತಿತ್ತು.

“ತಂತೀನೇ ಸಡಿಲ ಮಾಡಿಬಿಡ್ಲಾ?”

“ಬೇಡ ಸಾರ್, ಆಗ ಪಿಟೀಲು ಕೆಟ್ಟಿದೆ ಅನ್ಸುತ್ತೆ. ನುಡಿಸೋನಿಗೇ ಬರಲ್ಲ ಅಂತ ಗೊತ್ತಾಗ್ಬೇಕು.” ಅವನು ತಡೆದು ಹೇಳಿದ, “ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ. ವಾರವಾರ ಬರೋ ಕೆಲಸ ಇದು.”

ವಾರವಾರ ಬರುವ ಕೆಲಸ ಕಂಡು ಯಾವ ಕಾಲವಾಗಿತ್ತೋ! ಕಛೇರಿ ಮಾಡಿ ಎಂದು ಕೇಳುವವರಿಲ್ಲ, ಬಾಡಿಗೆ ಕೇಳುವವರು ಮಾತ್ರ ತಪ್ಪದೆ ಬರುತ್ತಾರೆ. “ನಾಳೆವರೆಗೆ ಟೈಮ್ ಕೊಡಪ್ಪ” ಎಂದರು.

ಯಾವುದನ್ನೂ ಅರೆಬರೆ ಮಾಡಿ ಗೊತ್ತಿಲ್ಲದ ಮನುಷ್ಯ. ಹೆಂಡತಿ ತನ್ನ ಹೊಲಿಗೆ ಅಂಗಡಿಗೆ ಹೊರಟಮೇಲೆ ಬಾಗಿಲು ಹಾಕಿಕೊಂಡು ಅಪಸ್ವರದ ಅಭ್ಯಾಸಕ್ಕೆ ಕೂತರು. ಪಾಠಕ್ಕೆ ಬಂದಿದ್ದ ದಡ್ಡರನ್ನೆಲ್ಲ ನೆನೆಸಿಕೊಂಡರು. ಒಬ್ಬ ಮಣಿಕಟ್ಟನ್ನು ಕೊರಡಿನಂತೆ ಬಿಗಿಯುತ್ತಿದ್ದ. ಒಬ್ಬಳು ಕಮಾನಿನಲ್ಲಿ ಗರಗಸ ಎಳೆಯುತ್ತಿದ್ದಳು. ಅವರಲ್ಲಿ ಬೈದು ಬೈದು ತಿದ್ದಿದ್ದನ್ನೆಲ್ಲ ಈಗ ತಾವು ಕಲಿತರು. ಮರುದಿನ ರೆಕಾರ್ಡಿಂಗ್‌ನವನು ಬಿದ್ದುಬಿದ್ದು ನಕ್ಕ. “ಇಷ್ಟು ಕೆಟ್ಟದಾಗಿ ಇನ್ಯಾರಿಗೂ ಬರಲ್ಲ ಮೇಷ್ಟ್ರೇ!” ಹೊಗಳಿಕೆ ಕಿವಿಗೆ ಬಿದ್ದು ಬಹಳ ಕಾಲವಾಗಿತ್ತು. ಅವರಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಬೇಸರವೂ ಆಯಿತು.

ಧಾರಾವಾಹಿ ಚೆನ್ನಾಗಿ ಓಡಿತು. ವರ್ಷ ಕಳೆದರೂ ಅಳಿಯನಿಗೆ ಪಿಟೀಲು ಬರಲಿಲ್ಲ, ಮನೆ ಬಾಡಿಗೆಯೂ ಬಾಕಿ ನಿಲ್ಲಲಿಲ್ಲ. ಮೇಷ್ಟ್ರು ದಣಿದು ಬಂದು ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ ತಾವೂ ಮಲಗುತ್ತಿದ್ದರು.

ಆಗ ಹಳೆಯ ಗೆಳೆಯನೊಬ್ಬ ಕಛೇರಿಗೆ ಕರೆದ. ದೊಡ್ಡ ಸಭೆಯೇನಲ್ಲ, ಆದರೆ ಬರುವವರೆಲ್ಲ ಸಂಗೀತ ಬಲ್ಲವರು. ಮೇಷ್ಟ್ರು ಸ್ನಾನ ಮಾಡಿ ಬಂದು, ಮನೆಯಲ್ಲೇ ಅಭ್ಯಾಸಕ್ಕೆ ಕೂತು, ತಮ್ಮ ಜೀವಕ್ಕೆ ಜೀವವಾದ ರಾಗವನ್ನು ನಿಧಾನವಾಗಿ ಎತ್ತಿಕೊಂಡರು. ಎಷ್ಟು ದಿನದ ಮೇಲೆ! ಕಣ್ಣು ತುಂಬಿ ಬಂತು. ಮೈಮರೆತು ನುಡಿಸಿದರು.

ಹೆಂಡತಿ ಅಂಗಡಿಯಿಂದ ಬಂದವಳು ಹೊರಗೆ ಚಪ್ಪಲಿ ಬಿಡುತ್ತಲೇ ಕೇಳಿದಳು, “ಏನ್ರೀ, ಪಾಠಕ್ಕೆ ಹೊಸಬರು ಬಂದಿದ್ದಾರಾ? ಅವರಿಗೂ ಟೀ ಇಡ್ಲಾ?”

ಕಮಾನು ತಂತಿಯ ಮೇಲೇ ನಿಂತಿತು.

“ಟೀ ಬೇಡ ಕಣೇ,” ಎಂದರು ಮೇಷ್ಟ್ರು. “ಇವನಿಗೆ ಮೊದಲಿಂದ ಕಲಿಸ್ಬೇಕು.”