ಬಿಸಿ ತೆನೆ

ಫೋನ್ ಹೊಡೆದುಕೊಂಡಾಗ ಜರೆಲ್‌ನ ಎಡಗೈಯಲ್ಲಿ ಮುಸುಕಿನ ಜೋಳದ ತೆನೆಯಿತ್ತು. ಸಿಗಡಿ ಬೇಯುತ್ತಿದ್ದ ಹಂಡೆಯಿಂದ ಅಜ್ಜಿ ಓಡೆಲ್ ಇಕ್ಕಳದಲ್ಲಿ ತೆಗೆದಿಟ್ಟದ್ದನ್ನು ಅವನು ನೆಂಟರ ಜೊತೆ ಮಾತಾಡುತ್ತಲೇ ಎತ್ತಿಕೊಂಡಿದ್ದ. ಲೂಯಿಸಿಯಾನದ ಆ ಅಂಗಳ ತುಂಬಿದ್ದ ನೆಂಟರೆಲ್ಲ ಅವನ ಕಡೆ ತಿರುಗಿದರು. ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ ಅದು. "ಇವತ್ತು ಅವನಿಗೆ ಯಾರೂ ಫೋನ್ ಮಾಡ್ಬೇಡ್ರೋ" ಎಂದು ಅಜ್ಜಿ ಬೆಳಗ್ಗೆಯೇ ಎಲ್ಲರಿಗೂ ತಾಕೀತು ಮಾಡಿದ್ದಳು.

"ನಮ್ಮ ಸರದಿ ಬಂತು, ನಿನ್ನ ಹೆಸರೇ ಕೊಡ್ತಿದೀವಿ," ಎಂದ ಆ ಕಡೆಯಿಂದ ಒಂದು ತಂಡದ ಕೋಚ್. "ಅದಕ್ಕೆ ಮುಂಚೆ ಹೇಳಪ್ಪಾ, ಮೈಕೈ ಎಲ್ಲ ಸರಿಯಾಗಿದೆ ತಾನೆ?"

ಕೊನೆಯ ಪಂದ್ಯದಲ್ಲಿ ಎದುರಾಳಿಯನ್ನು ಹಿಡಿದು ಕೆಡವುವಾಗ ಜರೆಲ್‌ನ ಕತ್ತು ಉಳುಕಿ ಎಡಗೈ ಜೋಮು ಹಿಡಿದಿತ್ತು. ಜೋಮು ಬಿಟ್ಟುಹೋಯಿತು ಎಂದು ಡಾಕ್ಟರರಿಗೂ ಹೇಳಿದ್ದ, ತನಗೂ ಹೇಳಿಕೊಂಡಿದ್ದ.

"ಎಲ್ಲ ಸರಿಯಾಗಿದೆ, ಸರ್."

"ಕೈ ಸುಡುತ್ತಲ್ಲೋ, ಬಿಡೋ ಅದನ್ನ," ಅಜ್ಜಿ ಪಿಸುಗುಟ್ಟಿದಳು. ಅವನು ಬಗ್ಗಿ ನೋಡಿದ. ತೆನೆಯಿಂದ ಹಬೆ ಏಳುತ್ತಿತ್ತು, ಬೆರಳುಗಳಲ್ಲಿ ಬೊಬ್ಬೆ ಏಳುತ್ತಿತ್ತು. ಅವನು ತೆನೆಯನ್ನು ಕೆಳಗಿಟ್ಟ.

ಟೀವಿಯಲ್ಲಿ ಅವನ ಹೆಸರು ಬಂದು ಅಂಗಳವೆಲ್ಲ ಕೇಕೆ ಹಾಕಿತು. ಅಜ್ಜಿ ಮಾತ್ರ ಅವನ ಕೈಯನ್ನು ಬಾಯಿಯ ಹತ್ತಿರ ಹಿಡಿದು ಊದತೊಡಗಿದಳು.

"ತಣ್ಣಗಾಗ್ತಿದೆಯೇನೋ ಮಗಾ?"

ಅವನು ಹೂಂ ಎಂದ. ಅವಳ ಉಸಿರು ಕೈಗೆ ತಾಗುವುದು ಅವನಿಗೆ ತಿಳಿಯುತ್ತಲೇ ಇರಲಿಲ್ಲ.