ಒರೆ ಸೇರದ ಕತ್ತಿ

"ತಗೋ, ಇನ್ನು ಇದು ನಿಂದೇ," ಎಂದು ಮೇಷ್ಟ್ರು ಯಾವುದೋ ಯುದ್ಧ ಕಂಡ ಹಳೆಯ ಕತ್ತಿಯನ್ನು ಬಟ್ಟೆಯಿಂದ ಬಿಚ್ಚಿ ಗಡಿಯಾರ ರಿಪೇರಿಯವನ ಮೇಜಿನ ಮೇಲಿಟ್ಟರು. "ನಿನ್ನ ಮೆಟ್ಟಿಲು ಹತ್ತೋಕೆ ಮಂಡಿ ಕೇಳ್ತಿಲ್ಲ ಕಣಯ್ಯ. ನಾನು ಬರೋದು ಇದೇ ಕಡೇ ಸಲ."

ಅದರ ಒರೆ ಮೂವತ್ತು ವರ್ಷಗಳಿಂದ ಇವನ ಬಳಿಯಿತ್ತು. ಯುದ್ಧದ ಹಳೇ ಸಾಮಾನು ಕೂಡಿಡುವ ಹುಚ್ಚು ಇಬ್ಬರಿಗೂ. ಕತ್ತಿ ಕೊಡಿ ಎಂದು ಇವನು, ಒರೆ ಕೊಡೋ ಎಂದು ಅವರು, ಪ್ರತಿ ಭಾನುವಾರ ಜಗಳವಾಡುತ್ತಲೇ ತಲೆ ನೆರೆತಿತ್ತು.

ಇವನು ಕತ್ತಿಯನ್ನು ಒರೆಗೆ ಇಳಿಸಿದ. ಅಲಗು ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ನಾಲ್ಕು ಬೆರಳಿನಷ್ಟು ಉಳಿದಾಗ ಕೈ ನಿಂತಿತು. ಮೇಷ್ಟ್ರ ದಣಿದ ಮುಖ ನೋಡಿ ಮೆಲ್ಲಗೆ ಹೊರಗೆಳೆದ.

"ಕೂರ್ತಿಲ್ಲ ಮೇಷ್ಟ್ರೇ. ಮುಂದಿನ ಭಾನುವಾರ ಒರೇನ ನಿಮ್ಮನೆಗೇ ತರ್ತೀನಿ, ಅಲ್ಲೇ ನೋಡೋಣ."

"ಈ ಸುಳ್ಳನ್ನ ದೇವರು ಮೆಚ್ತಾನೇನಯ್ಯ?" ಎಂದ ಮೇಷ್ಟ್ರು ಕತ್ತಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡರು.