ಇಪ್ಪತ್ತೈದು ಡಾಲರಿನ ಕುರ್ಚಿ

"ನೀವು ಹೇಳಿ ಅಮ್ಮ, ದಿನಕ್ಕೆ ಎಷ್ಟು ಕೊಟ್ರೆ ಈ ಕುರ್ಚೀಲಿ ಕೂರ್ತೀರಿ?"

ಜಡ್ಜ್ ಪಿಂಕ್ನಿ ಕೇಳಿದ್ದು ವರ್ಡೆಲ್‌ಳನ್ನು. ಕೇಸು ಕೇಳಿ ತೀರ್ಪು ಹೇಳಲು ಊರಿನವರನ್ನೇ ಕರೆಸುವ ಜ್ಯೂರಿಯಿಂದ ಬಿಡಿಸಿಕೊಳ್ಳಲು ಎದ್ದು ನಿಂತವರಿಗೆಲ್ಲ ಅವರು ಬೆಳಗ್ಗಿನಿಂದ ಇದೇ ಪ್ರಶ್ನೆ ಹಾಕುತ್ತಿದ್ದರು. ಲಾರಿ ಡ್ರೈವರ್ ಥಟ್ಟನೆ ಇನ್ನೂರು ಎಂದಿದ್ದ. ಕೂದಲು ಹೆಣೆಯುವ ಹುಡುಗಿ, "ತೊಂಬತ್ತು, ಟಿಪ್ಸ್ ಬೇರೆ" ಎಂದು ಎಲ್ಲರನ್ನೂ ನಗಿಸಿದ್ದಳು. ಮೂರು ಮಕ್ಕಳ ತಾಯಿಯೊಬ್ಬಳು, "ದುಡ್ಡು ಬೇಡ ಸಾರ್, ನೀವೇ ಬಂದು ಮಕ್ಕಳನ್ನ ನೋಡ್ಕೊಳ್ಳಿ, ಸಾಕು" ಎಂದಿದ್ದಳು. ಜಡ್ಜ್ ಅವರನ್ನೆಲ್ಲ ಬಿಟ್ಟು ಕಳಿಸಿದ್ದರು. ಹೆಚ್ಚು ಕೊಡುವುದು ಅವರ ಕೈಯಲ್ಲಿರಲಿಲ್ಲ, ಬಿಡುವುದು ಇತ್ತು.

ಜಾರ್ಜಿಯಾದ ಕಡಲಂಚಿನ ಆ ಪುಟ್ಟ ಕೋರ್ಟಿನಲ್ಲಿ ಜ್ಯೂರಿಗೆ ಕೂತವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಇಪ್ಪತ್ತೈದು ಡಾಲರ್. ವರ್ಡೆಲ್ ಏಡಿ ಕಾರ್ಖಾನೆಯಲ್ಲಿ ಚಿಪ್ಪು ಒಡೆದು ಮಾಂಸ ಬಿಡಿಸುವವಳು. ತೂಕಕ್ಕಿಷ್ಟು ಎಂದು ಕೂಲಿ. ಕೈ ಚುರುಕಾಗಿದ್ದರೆ ದಿನಕ್ಕೆ ನೂರಮೂವತ್ತರವರೆಗೂ ಆಗುತ್ತಿತ್ತು. ಚಾಕು ಹಿಡಿಯದ ದಿನ ಸೊನ್ನೆ. ಬೇರೆಯವರ ಉತ್ತರಗಳನ್ನು ಇಷ್ಟು ಹೊತ್ತು ಕಿವಿ ಚುರುಕುಮಾಡಿ ಕೇಳಿದ್ದವಳು ಉತ್ತರದ ಬದಲು ಪ್ರಶ್ನೆ ಹಾಕಿದಳು.

"ಸಾರ್, ನಾನೂ ಒಂದು ಕೇಳ್ಲಾ? ನಾವೆಲ್ಲ ಎದ್ದು ಹೋದ್ರೆ ಇಲ್ಲಿ ಉಳಿಯೋರು ಯಾರು?"

"ನೀವೇ ತಿರುಗಿ ನೋಡಿ" ಎಂದರು ಜಡ್ಜ್.

ನೋಡಿದಳು. ಪೇಪರ್ ಓದುತ್ತಿದ್ದ ಬ್ಯಾಂಕ್ ಮ್ಯಾನೇಜರ್, ಪಿಂಚಣಿ ಬರುವ ಇಬ್ಬರು ಟೀಚರುಗಳು, ಸರ್ಕಾರಿ ಗುಮಾಸ್ತರು. ಕೂತಲ್ಲೇ ಸಂಬಳ ಓಡುವವರು. ಮುಂದಿನ ಮೇಜಿನಲ್ಲಿ ಆರೋಪಿ ಟಾವಿಸ್. ಸಿಗಡಿ ದೋಣಿಯ ಕೂಲಿಯಾಳು. ದೋಣಿಯೊಂದರ ಎಂಜಿನ್ ಬಿಚ್ಚಿಕೊಂಡು ಹೋದನೆಂಬ ಕೇಸು, ಸಾಬೀತಾದರೆ ಒಂದು ವರ್ಷ ಜೈಲು. ಅವನ ಬೆರಳ ಗೆಣ್ಣುಗಳ ಮೇಲೂ ವರ್ಡೆಲ್‌ಳ ಕೈಗಿದ್ದಂಥದೇ ಸಣ್ಣ ಸಣ್ಣ ಗಾಯ. ಅವನು ಜಡ್ಜರನ್ನು ನೋಡುತ್ತಿರಲಿಲ್ಲ. ಬಿಡುಗಡೆ ಪಡೆದವರು ಒಬ್ಬೊಬ್ಬರಾಗಿ ಹೊರಗೆ ಹೋದ ಬಾಗಿಲನ್ನು ನೋಡುತ್ತಿದ್ದ.

"ನಂಗೆ ಲೆಕ್ಕ ಸಿಗ್ಲಿಲ್ಲ ಸಾರ್" ಎಂದಳು ವರ್ಡೆಲ್. "ಕೂತ್ಕೋತೀನಿ ಬಿಡಿ."

ವಿಚಾರಣೆ ಎರಡು ದಿನ ನಡೆಯಿತು. ಶನಿವಾರ ಸಂಜೆಯವರೆಗೂ ಎಂಜಿನ್ ತನ್ನ ದೋಣಿಯಲ್ಲೇ ಇತ್ತು, ಬೆಳಗಾದರೆ ಇಲ್ಲ ಎಂದ ದೋಣಿಯ ಯಜಮಾನ. ಅಂಥದೇ ಎಂಜಿನ್ ಸೋಮವಾರ ಟಾವಿಸನ ಶೆಡ್ಡಿನಲ್ಲಿ ಸಿಕ್ಕಿತು ಎಂದು ಪೊಲೀಸರು ಫೋಟೋ ತೋರಿಸಿದರು. ನಂಬರಿನ ತಗಡನ್ನು ಉಪ್ಪುಗಾಳಿ ತಿಂದುಹಾಕಿತ್ತು. "ಅದು ನಮ್ಮಜ್ಜಂದು, ಹೋದ ವರ್ಷದಿಂದ ಅಲ್ಲೇ ಬಿದ್ದಿದೆ" ಎಂದ ಟಾವಿಸ್. ಕಾಗದಪತ್ರ ಯಾವುದೂ ಅವನ ಬಳಿ ಇರಲಿಲ್ಲ.

ಮೂರನೆಯ ದಿನ ಜ್ಯೂರಿಯ ಆರು ಮಂದಿ ಒಳಕೋಣೆಯಲ್ಲಿ ಕೂತರು. ಬ್ಯಾಂಕ್ ಮ್ಯಾನೇಜರ್ ವಿಟ್ಲೋ ಅವರೇ ಮುಖಂಡರು. "ಊಟದ ಹೊತ್ತಿಗೆ ಮುಗಿಸಿಬಿಡೋಣ. ಯಾರಿಗಾದ್ರೂ ಅನುಮಾನ ಇದೆಯಾ?"

"ಅನುಮಾನ ಅಂತಲ್ಲ" ಎಂದಳು ವರ್ಡೆಲ್. "ಆ ಫೋಟೋ ಕೊಡಿ ಇಲ್ಲಿ. ದೂರದಿಂದ ಸರಿಯಾಗಿ ಕಾಣ್ಲಿಲ್ಲ."

"ಅದರಲ್ಲೇನಿದೆ, ಎಂಜಿನ್ ಥರ ಎಂಜಿನ್" ಎಂದು ನಿವೃತ್ತ ಟೀಚರಮ್ಮ ಮಿಸೆಸ್ ಬ್ಲಾಲಕ್ ಗಡಿಯಾರ ನೋಡಿದರು.

ವರ್ಡೆಲ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಏಡಿಯ ಚಿಪ್ಪಿನ ಚೂರೊಂದು ಮಾಂಸದಲ್ಲಿ ಉಳಿದರೂ ಕಾರ್ಖಾನೆಯಲ್ಲಿ ಕೂಲಿ ಮುರಿಯುತ್ತಾರೆ. ಚೂರು ಹುಡುಕಿ ಹುಡುಕಿ ಪಳಗಿದ ಕಣ್ಣು ಅವಳದು. ಇತರರು ಹೊಸ ಸೇತುವೆಯ ವಿಷಯ ಮಾತಾಡಿದರು, ಕಾಫಿ ತರಿಸಿಕೊಂಡು ಕುಡಿದರು. ಗಂಟೆಯೊಂದು ಕಳೆಯಿತು.

"ಟೀಚರಮ್ಮ, ಸ್ವಲ್ಪ ಇಲ್ಲಿ ಬನ್ನಿ. ಎಂಜಿನ್ ಪಕ್ಕದಲ್ಲಿ ಇದೇನಿದು ಮಣ್ಣು?"

ಮಿಸೆಸ್ ಬ್ಲಾಲಕ್ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಕುಂಬಾರ ಹುಳದ ಗೂಡು. ನಮ್ಮನೆ ಸೂರಲ್ಲೂ ಕಟ್ಟುತ್ತೆ. ಎಂಜಿನ್ ದೋಣಿ ಮೇಲಿದ್ದಾಗ್ಲೇ ಕಟ್ಟಿರಬಹುದಲ್ಲಮ್ಮ?"

"ಅಲ್ಲೇ ಕಟ್ಟಿದ್ರೆ ಪೂರ್ತಿ ಎಂಜಿನ್ ಮೇಲೇ ಇರಬೇಕಿತ್ತು. ಇದು ನೋಡಿ, ಅರ್ಧ ಎಂಜಿನ್ನಿಗೆ ಅಂಟಿದೆ, ಅರ್ಧ ಶೆಡ್ಡಿನ ಹಲಗೆಗೆ."

ಟೀಚರಮ್ಮ ಫೋಟೋವನ್ನು ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. "ತೂತು ಬೇರೆ ಬಿದ್ದಿದೆ" ಎಂದರು ಮೆಲ್ಲಗೆ. "ಮರಿ ಆಗಲೇ ಹಾರಿಹೋಗಿದೆ. ಎರಡು ದಿನದ ಕೆಲಸ ಅಲ್ಲ ಇದು, ವಿಟ್ಲೋ ಅವರೇ. ವಾರಗಟ್ಟಲೆ ಬೇಕು."

ಸೇತುವೆಯ ಮಾತು ನಿಂತಿತು. ಫೋಟೋ ಕೈಯಿಂದ ಕೈಗೆ ಹೋಯಿತು.

ಮಧ್ಯಾಹ್ನ ಮೂರಕ್ಕೆ ತೀರ್ಪು ಓದಿದರು. ನಿರ್ದೋಷಿ. ಟಾವಿಸ್ ಕೂತಲ್ಲಿಂದ ಏಳಲೇ ಇಲ್ಲ. ಇನ್ನು ಹೋಗಬಹುದು ಎಂದು ವಕೀಲರು ಭುಜ ಅಲುಗಿಸಿ ಎರಡು ಸಲ ಹೇಳಬೇಕಾಯಿತು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ವಿಟ್ಲೋ ಅವಸರದಿಂದ ಹೆಜ್ಜೆ ಹಾಕಿ ವರ್ಡೆಲ್‌ಳ ಬಳಿ ಬಂದರು. "ತಪ್ಪು ತಿಳ್ಕೋಬೇಡಿ, ಕುತೂಹಲಕ್ಕೆ ಕೇಳ್ತೀನಿ. ನನಗಾದ್ರೆ ಸಂಬಳ ಬರ್ತಾ ಇರುತ್ತೆ, ಆದ್ರೂ ಬೇಗ ಮುಗಿದ್ರೆ ಸಾಕಪ್ಪಾ ಅನ್ನಿಸ್ತಿತ್ತು. ಗಂಟೆ ಗಂಟೆಗೂ ಕೂಲಿ ಕಳ್ಕೊಳ್ತಾ ಇದ್ದೋರು ನೀವು. ಆ ಫೋಟೋನ ಅಷ್ಟು ಹೊತ್ತು ಹೇಗಮ್ಮ ನೋಡ್ತಾ ಕೂತ್ರಿ?"

ವರ್ಡೆಲ್ ಕಾರಿನ ಬಾಗಿಲು ತೆರೆದಳು.

"ಬಿಟ್ಟಿ ಬಂದಿದ್ರೆ ನಾನೂ ಆಕಳಿಸ್ತಿದ್ದೆ ಸ್ವಾಮಿ" ಎಂದಳು. "ನಾನು ದುಡ್ಡು ಕೊಟ್ಟು ಒಳಗೆ ಬಂದೋಳು."